ಸ್ವಿಫ್ಟ್‌ನ ಡಿಕ್ಕಿಗೆ 10 ಇಂಚಿನ ಸಬ್‌ವೂಫರ್: ಆಯ್ಕೆಯಿಂದ ಟ್ಯೂನಿಂಗ್‌ವರೆಗೆ

ಕಾರು 2018ರ ಮಾದರಿಯ ಮಾರುತಿ ಸ್ವಿಫ್ಟ್, ಪೆಟ್ರೋಲ್. ಡಿಕ್ಕಿ 268 ಲೀಟರ್. ಸ್ಟೀರಿಯೋ ಕಂಪನಿಯದೇ, ಅದನ್ನು ಬದಲಿಸುವಂತಿಲ್ಲ. ಟೈರ್ ಪಂಕ್ಚರ್ ಆದರೆ ಸ್ಟೆಪ್ನಿ ತಕ್ಷಣ ಕೈಗೆ ಸಿಗಬೇಕು, ಊರಿಗೆ ಹೊರಟರೆ ಎರಡು ಬ್ಯಾಗಾದರೂ ಹಿಡಿಯಬೇಕು. ಇಷ್ಟು ಷರತ್ತುಗಳ ಒಳಗೆ ಸಬ್‌ವೂಫರ್, ಅಂದರೆ ಆಳದ ಬೇಸ್‌ಗೆಂದೇ ಇರುವ ಸ್ಪೀಕರ್, ಆರಿಸಿ, ಬಾಕ್ಸ್ ಮಾಡಿ, ವೈರಿಂಗ್ ಎಳೆದು ಕೂರಿಸಿದ ಕೆಲಸದ ವಿವರ ಇಲ್ಲಿದೆ. ಬಲೆನೊ, ಐ20, ಟಿಯಾಗೊ, ವ್ಯಾಗನ್‌ಆರ್ ಇರುವವರಿಗೂ ಅಳತೆಗಳಲ್ಲಿ ಒಂದಿಷ್ಟು ಹೆಚ್ಚುಕಡಿಮೆ ಬಿಟ್ಟರೆ ಮಿಕ್ಕಿದ್ದೆಲ್ಲ ಅನ್ವಯಿಸುತ್ತದೆ.

ಬಾಗಿಲಿನಲ್ಲಿರುವ ಆರೂವರೆ ಇಂಚಿನ ಸ್ಪೀಕರ್ 80 ಹರ್ಟ್ಸ್‌ಗಿಂತ ಕೆಳಗೆ ಬೇಗ ಸೋಲುತ್ತದೆ. ಬಾಗಿಲೆಂದರೆ ತೂತುಗಳಿರುವ ತೆಳು ತಗಡು. ಸ್ಪೀಕರ್ ಕೋನ್‌ನ ಹಿಂದಿನ ಗಾಳಿ ಆ ತೂತುಗಳಿಂದ ಮುಂದಕ್ಕೆ ಬಂದು ಮುಂದಿನ ಅಲೆಯನ್ನೇ ಕೊಂದುಹಾಕುತ್ತದೆ. ಹಾಗಾಗಿ ಮೃದಂಗದ ಎಡಗೈಯ ಗುಮಕಿ, ತಬಲಾದ ಡಗ್ಗ, ಡೊಳ್ಳಿನ ಹೊಡೆತ ಇವೆಲ್ಲ ಕಾರಿನಲ್ಲಿ ಬರೀ ‘ಟಪ್’ ಎಂದು ಕೇಳಿ ಮುಗಿದುಹೋಗುತ್ತವೆ. ಬೇಸ್ ನಾಬನ್ನು ಪೂರ್ತಿ ತಿರುಗಿಸಿದರೆ ಬಾಗಿಲಿನ ಪ್ಯಾನೆಲ್ ನಡುಗುತ್ತದೆಯೇ ಹೊರತು ಆ ಸ್ವರ ಬರುವುದಿಲ್ಲ.

ಇಲ್ಲಿ ಚಿಕ್ಕ ಕಾರಿಗೆ ಒಂದು ದೊಡ್ಡ ಅನುಕೂಲವಿದೆ. ಕ್ಯಾಬಿನ್ನಿನ ಒಳ ಉದ್ದ ಸುಮಾರು ಎರಡೂವರೆ ಮೀಟರ್ ಎಂದುಕೊಳ್ಳಿ. 68 ಹರ್ಟ್ಸ್ ಶಬ್ದದ ಅರ್ಧ ಅಲೆಯ ಉದ್ದವೂ ಅಷ್ಟೇ. ಅದಕ್ಕಿಂತ ಕೆಳಗಿನ ಅಲೆಗಳಿಗೆ ಒಳಗೆ ಹರಡಲು ಜಾಗವೇ ಇಲ್ಲ, ಕೋನ್ ಹಿಂದುಮುಂದಾದಾಗ ಇಡೀ ಕ್ಯಾಬಿನ್ನಿನ ಗಾಳಿಯ ಒತ್ತಡವೇ ಏರಿಳಿಯುತ್ತದೆ. ಇದನ್ನೇ ಕ್ಯಾಬಿನ್ ಗೇನ್ ಎನ್ನುವುದು. ಲೆಕ್ಕದ ಪ್ರಕಾರ ಪ್ರತಿ ಆಕ್ಟೇವ್ ಕೆಳಗಿಳಿದ ಹಾಗೆ, ಅಂದರೆ ಆವರ್ತನ ಅರ್ಧವಾದ ಹಾಗೆ, 12 ಡೆಸಿಬೆಲ್‌ನಷ್ಟು ಏರಿಕೆ. ನಿಜವಾದ ಕಾರಿನಲ್ಲಿ ಕಿಟಕಿ, ಬೀಡಿಂಗ್, ತೆಳು ತಗಡಿನಿಂದಾಗಿ ಅಷ್ಟು ಸಿಗದಿದ್ದರೂ ಬಹುಪಾಲು ಸಿಗುತ್ತದೆ. ಸೀಲ್ಡ್ ಬಾಕ್ಸ್, ಅಂದರೆ ಪೂರ್ತಿ ಮುಚ್ಚಿದ ಬಾಕ್ಸ್, ಕೆಳಗಿನ ಆವರ್ತನಗಳಲ್ಲಿ ಕಳೆದುಕೊಳ್ಳುವುದೂ ಆಕ್ಟೇವ್‌ಗೆ 12 ಡೆಸಿಬೆಲ್. ಬಾಕ್ಸ್ ಕಳೆದದ್ದನ್ನು ಕಾರು ತುಂಬಿಕೊಡುತ್ತದೆ. ಇದೇ ಕಾರಣಕ್ಕೆ ಹ್ಯಾಚ್‌ಬ್ಯಾಕ್‌ಗೆ ಚಿಕ್ಕ ಸೀಲ್ಡ್ ಬಾಕ್ಸ್ ಎಂಬುದು ನಮ್ಮ ಖಚಿತ ಅಭಿಪ್ರಾಯ. ಪೋರ್ಟೆಡ್ ಬಾಕ್ಸ್, ಅಂದರೆ ಗಾಳಿ ಆಡಲು ಕೊಳವೆಯಂಥ ತೆರಪು (ಪೋರ್ಟ್) ಇರುವ ಬಾಕ್ಸ್, ಇದಕ್ಕಿಂತ ಜೋರಾಗಿ ಕೇಳುತ್ತದೆ, ನಿಜ. ಆದರೆ ಅದೇ 10 ಇಂಚಿನ ಡ್ರೈವರ್‌ಗೆ (ಬಾಕ್ಸ್ ಇಲ್ಲದ ಬಿಡಿ ಸ್ಪೀಕರ್) 35ರಿಂದ 42 ಲೀಟರ್ ಒಳಜಾಗ ಬೇಕು, ಜೊತೆಗೆ ಪೋರ್ಟ್ ಟ್ಯೂನ್ ಆದ ಆವರ್ತನದ ಕೆಳಗೆ ಕೋನ್‌ಗೆ ಹಿಡಿತವೇ ಇರುವುದಿಲ್ಲ. ಕ್ಯಾಬಿನ್ ಗೇನ್ ಅದರ ಮೇಲೆ ಸೇರಿಕೊಂಡು ಒಂದೇ ಸ್ವರ ಗುಂಯ್‌ಗುಡುತ್ತದೆ.

ಸೀಟಿನಡಿಗೆ ಹೋಗುವ ಆಕ್ಟಿವ್ ಸಬ್ ಸಾಕಲ್ಲವೇ? ಡಿಕ್ಕಿಯಲ್ಲಿ ಸಿಎನ್‌ಜಿ ಸಿಲಿಂಡರ್ ಇರುವ ಕಾರಿಗೆ ಹೆಚ್ಚುಕಡಿಮೆ ಅದೊಂದೇ ದಾರಿ. ಜೆಬಿಎಲ್ ಬೇಸ್‌ಪ್ರೊ ಎಸ್‌ಎಲ್‌ನಂಥವು 8 ಇಂಚಿನ ಕೋನ್, 125 ವ್ಯಾಟ್ ಆರ್‌ಎಂಎಸ್ (ನಿರಂತರ ಶಕ್ತಿ) ಆಂಪ್ಲಿಫೈಯರ್ (ಆಂಪ್) ಎರಡನ್ನೂ ಒಂದೇ ಚಪ್ಪಟೆ ಡಬ್ಬಿಯಲ್ಲಿ ಇಟ್ಟುಕೊಂಡಿರುತ್ತವೆ. ಮೃದಂಗ, ತಬಲಾ, ಬೇಸ್ ಗಿಟಾರ್ ತುಂಬಿ ಬರುತ್ತವೆ. 40 ಹರ್ಟ್ಸ್‌ಗಿಂತ ಕೆಳಗಿನ ಆಳವನ್ನು ಅವುಗಳಿಂದ ನಿರೀಕ್ಷಿಸಬಾರದು. ಕೊಳ್ಳುವ ಮೊದಲು ಸೀಟನ್ನು ಪೂರ್ತಿ ಹಿಂದಕ್ಕೂ ಮುಂದಕ್ಕೂ ಸರಿಸಿ, ಕೆಳಗಿನ ಎತ್ತರವನ್ನು ಟೇಪ್ ಹಿಡಿದು ಅಳೆಯಿರಿ. ಎಸಿ ಡಕ್ಟ್, ಸೀಟ್ ಹೀಟರ್ ವೈರ್, ಏರ್‌ಬ್ಯಾಗ್‌ನ ಹಳದಿ ಕಪ್ಲರ್ ಅಲ್ಲೇ ಇರಬಹುದು. ಹಳದಿ ತೋಳು ಹೊದಿಸಿದ ಯಾವ ವೈರನ್ನೂ ಮುಟ್ಟುವಂತಿಲ್ಲ. ಮಳೆಗಾಲದಲ್ಲಿ ಒದ್ದೆ ಚಪ್ಪಲಿಯ ನೀರು ಇಳಿಯುವ ಜಾಗ ಅದು ಎನ್ನುವುದೂ ನೆನಪಿರಲಿ.

ಈ ಸ್ವಿಫ್ಟ್‌ಗೆ ಸಿಲಿಂಡರ್ ಇಲ್ಲ, ಹಾಗಾಗಿ ಡಿಕ್ಕಿಯಲ್ಲಿ 10 ಇಂಚಿನ ಸೀಲ್ಡ್ ಬಾಕ್ಸ್ ಎಂದು ತೀರ್ಮಾನವಾಯಿತು. 12 ಇಂಚಿನದಕ್ಕೆ 28ರಿಂದ 35 ಲೀಟರ್ ಬೇಕು. ಒಳಗೆ ಹಿಡಿಯುತ್ತದೆ, ಆದರೆ ಬ್ಯಾಗುಗಳಿಗೆ ಜಾಗ ಉಳಿಯುವುದಿಲ್ಲ.

ಡ್ರೈವರ್ ಆರಿಸುವಾಗ ಡಬ್ಬಿಯ ಮೇಲಿನ ದೊಡ್ಡ ಸಂಖ್ಯೆಯನ್ನು ಪಕ್ಕಕ್ಕಿಡಿ. ಪಯೊನೀರ್ ಟಿಎಸ್-ಡಬ್ಲ್ಯೂ306ಆರ್ ಎಂಬ 12 ಇಂಚಿನ ಡ್ರೈವರ್ ಮೇಲೆ 1300 ವ್ಯಾಟ್ ಎಂದಿರುತ್ತದೆ, ಅದು ಗರಿಷ್ಠ. ನಿರಂತರವಾಗಿ ತಾಳಿಕೊಳ್ಳುವುದು 350 ವ್ಯಾಟ್. ಆಂಪ್ ಹೊಂದಿಸಬೇಕಾದದ್ದು ಈ ಎರಡನೆಯ ಸಂಖ್ಯೆಗೆ. ಇಲ್ಲಿ ತೆಗೆದುಕೊಂಡದ್ದು 300 ವ್ಯಾಟ್ ಆರ್‌ಎಂಎಸ್ ಇರುವ, ಎರಡು ವಾಯ್ಸ್ ಕಾಯಿಲ್‌ಗಳ (ಕೋನನ್ನು ಅಲುಗಿಸುವ ತಂತಿಸುರುಳಿ), 4+4 ಓಮ್‌ನ ಡ್ರೈವರ್. ಎರಡು ಕಾಯಿಲ್‌ಗಳನ್ನು ಪ್ಯಾರಲಲ್ ಜೋಡಿಸಿದರೆ 2 ಓಮ್, ಸೀರೀಸ್ ಆದರೆ 8 ಓಮ್. 2 ಓಮ್‌ಗೆ 300 ವ್ಯಾಟ್ ಕೊಡುವ ಕ್ಲಾಸ್ ಡಿ ಮೊನೊಬ್ಲಾಕ್, ಅಂದರೆ ಒಂದೇ ಚಾನೆಲ್‌ನ ಆಂಪ್ ಇದಕ್ಕೆ ಜೋಡಿ. ಮನೆಯಲ್ಲಿ ಆಗಲೇ ನಾಲ್ಕು ಚಾನೆಲ್ ಆಂಪ್ ಇದ್ದು ಅದನ್ನೇ ಬ್ರಿಡ್ಜ್ ಮಾಡುವ (ಎರಡು ಚಾನೆಲ್ ಸೇರಿಸಿ ಒಂದಾಗಿಸುವ) ಯೋಚನೆಯಿದ್ದರೆ 2+2 ಓಮ್‌ನ ಡ್ರೈವರ್ ಕೊಂಡು ಸೀರೀಸ್‌ನಲ್ಲಿ 4 ಓಮ್ ಮಾಡಿಕೊಳ್ಳಿ. ಬ್ರಿಡ್ಜ್ ಮಾಡಿದ ಚಾನೆಲ್‌ಗಳಿಗೆ ಸಾಮಾನ್ಯವಾಗಿ 4 ಓಮ್‌ಗಿಂತ ಕಡಿಮೆ ಲೋಡ್ ಕೊಟ್ಟರೆ ಆಂಪ್ ಬಿಸಿಯಾಗಿ, ತನ್ನನ್ನು ಉಳಿಸಿಕೊಳ್ಳಲು ಸದ್ದು ನಿಲ್ಲಿಸಿ ಪ್ರೊಟೆಕ್ಟ್‌ಗೆ ಹೋಗುತ್ತದೆ.

ಬಾಕ್ಸ್ ವಿಷಯದಲ್ಲಿ ಅವಸರ ಬೇಡ. ಬೆಂಗಳೂರಿನ ಜೆ.ಸಿ. ರಸ್ತೆಯಂಥ ಕಡೆ ರೆಡಿ ಬಾಕ್ಸ್ ಧಾರಾಳವಾಗಿ ಸಿಗುತ್ತವೆ, ಆದರೆ ಹಲವಕ್ಕೆ ಒಳ ಅಳತೆಯನ್ನೇ ಬರೆದಿರುವುದಿಲ್ಲ, ಹಲಗೆ 12 ಮಿಲಿಮೀಟರ್ ಇರುತ್ತದೆ. ಡ್ರೈವರ್ ಜೊತೆಗೆ ಬರುವ ಕಾಗದದಲ್ಲಿ ಸೀಲ್ಡ್ ಬಾಕ್ಸ್‌ಗೆ ಇಷ್ಟು ಲೀಟರ್ ಎಂದು ಕೊಟ್ಟಿರುತ್ತಾರೆ. 10 ಇಂಚಿನವಕ್ಕೆ ಅದು ಬಹುತೇಕ 17ರಿಂದ 23 ಲೀಟರ್ ನಡುವೆ. ಇಲ್ಲಿ 18 ಮಿಲಿಮೀಟರ್ ಎಂಡಿಎಫ್‌ನಲ್ಲಿ (ಮರದ ನಾರು ಒತ್ತಿ ಮಾಡಿದ ಹಲಗೆ) ಹೊರ ಅಳತೆ 44 ಸೆಂಟಿಮೀಟರ್ ಅಗಲ, 33 ಎತ್ತರ, 22 ಆಳ ಇಟ್ಟುಕೊಂಡೆವು. ಹಲಗೆಯ ದಪ್ಪ ಕಳೆದರೆ ಒಳಗೆ 40.4 × 29.4 × 18.4, ಅಂದರೆ 21.9 ಲೀಟರ್. ಡ್ರೈವರ್‌ನ ಮ್ಯಾಗ್ನೆಟ್, ಬುಟ್ಟಿ ಸೇರಿ ಒಂದೂವರೆ ಲೀಟರ್ ತಿಂದರೂ 20 ಉಳಿಯುತ್ತದೆ.

ಮುಂದಿನ, ಹಿಂದಿನ ಹಲಗೆ 44 × 33, ತಲಾ ಒಂದು. ಮೇಲೆ ಕೆಳಗೆ 44 × 18.4. ಎರಡು ಪಕ್ಕ 29.4 × 18.4. ನಾಲ್ಕಡಿ ಉದ್ದ ಎರಡಡಿ ಅಗಲದ ಒಂದು ತುಂಡಿನಲ್ಲಿ ಆರೂ ಹಲಗೆ ಬರುತ್ತವೆ. ಪ್ಯಾನೆಲ್ ಸಾ ಇರುವ ಪ್ಲೈವುಡ್ ಅಂಗಡಿಯಲ್ಲೇ ಕೊಯ್ಯಿಸಿಕೊಂಡರೆ ಮೂಲೆಗಳು ಸರಿಯಾಗಿ ಕೂರುತ್ತವೆ. ಕೈಗರಗಸದಲ್ಲಿ ಕೊಯ್ದ ಅಂಚು ಎರಡು ಮಿಲಿಮೀಟರ್ ಆಚೀಚೆ ಆದರೂ ಗಾಳಿ ಸೋರುತ್ತದೆ. ಡ್ರೈವರ್‌ನ ವೃತ್ತವನ್ನು ಅದರ ಕಾಗದದಲ್ಲಿ ಕೊಟ್ಟ ಕಟೌಟ್ ಅಳತೆಗೇ ಜಿಗ್‌ಸಾದಲ್ಲಿ ತೆಗೆಯಬೇಕು. 10 ಇಂಚು ಎಂದರೆ 25.4 ಸೆಂಟಿಮೀಟರ್ ಎಂದು ಕೊಯ್ದರೆ ಸ್ಕ್ರೂ ಕಚ್ಚಲು ಮರವೇ ಉಳಿಯುವುದಿಲ್ಲ. ಕಟೌಟ್ ಸಾಧಾರಣವಾಗಿ 23ರ ಆಸುಪಾಸು ಇರುತ್ತದೆ.

ಎಂಡಿಎಫ್‌ನ ಅಂಚಿಗೆ ನೇರವಾಗಿ ಸ್ಕ್ರೂ ಹೊಡೆದರೆ ಹಲಗೆ ಪದರ ಪದರವಾಗಿ ಸೀಳುತ್ತದೆ. ಮೊದಲು ಸಣ್ಣ ಬಿಟ್‌ನಲ್ಲಿ ತೂತು, ಆಮೇಲೆ ಫೆವಿಕಾಲ್ ಧಾರಾಳವಾಗಿ ಹಚ್ಚಿ ಒಂದೂವರೆ ಇಂಚಿನ ಸ್ಕ್ರೂ, 10 ಸೆಂಟಿಮೀಟರಿಗೆ ಒಂದರಂತೆ. ಹಲಗೆಯನ್ನು ನಿಜವಾಗಿ ಹಿಡಿಯುವುದು ಅಂಟು. ಅದು ಒಣಗುವವರೆಗೆ ಹಲಗೆ ಅಲುಗದಂತೆ ನೋಡಿಕೊಳ್ಳುವುದಷ್ಟೇ ಸ್ಕ್ರೂವಿನ ಕೆಲಸ. ಒಳಮೂಲೆಗಳಿಗೆಲ್ಲ ಸಿಲಿಕೋನ್ ಎಳೆದು, ಡ್ರೈವರ್ ಕೂರಿಸುವ ಮೊದಲು ಪೂರ್ತಿ ಒಂದು ದಿನ ತೆರೆದಿಡಿ. ಹುಳಿ ವಾಸನೆಯ ಸಿಲಿಕೋನ್‌ನ ಆವಿ ಮುಚ್ಚಿದ ಬಾಕ್ಸ್‌ನಲ್ಲಿ ಉಳಿದರೆ ಕೋನ್‌ನ ಸುತ್ತಲಿನ ಫೋಮ್‌ಗೆ ಹಾನಿ. ಮಲೆನಾಡು, ಕರಾವಳಿಯ ಕಡೆ ಓಡುವ ಕಾರಾದರೆ ಕೊಯ್ದ ಅಂಚುಗಳಿಗೆಲ್ಲ ವುಡ್ ಪ್ರೈಮರ್ ಎರಡು ಕೈ ಕೊಟ್ಟು ಆಮೇಲೆ ಕಾರ್ಪೆಟ್ ಅಂಟಿಸಿ. ತೇವ ಹೀರಿದ ಎಂಡಿಎಫ್ ಒಮ್ಮೆ ಉಬ್ಬಿದರೆ ಮತ್ತೆ ಮೊದಲಿನಂತಾಗುವುದಿಲ್ಲ. ತೇವ ತಡೆಯುವ ಎಚ್‌ಡಿಎಚ್‌ಎಂಆರ್ ಹಲಗೆ ಸಿಕ್ಕರೆ ಇನ್ನೂ ಒಳ್ಳೆಯದು. ಬಾಕ್ಸ್ ಒಳಗೆ ದಿಂಬಿಗೆ ತುಂಬುವ ರೆಕ್ರಾನ್ ನಾರನ್ನು 250–300 ಗ್ರಾಂ ಬಿಡಿಸಿ ತುಂಬಿದರೆ, ಬಾಕ್ಸ್ ಸ್ವಲ್ಪ ದೊಡ್ಡದಾದ ಹಾಗೆ ನಡೆದುಕೊಳ್ಳುತ್ತದೆ. ಮ್ಯಾಗ್ನೆಟ್ ಹಿಂದಿನ ಗಾಳಿತೂತಿನ ಎದುರು ಮಾತ್ರ ನಾರು ಬರಬಾರದು.

ಎಲ್ಲ ಮುಗಿದ ಮೇಲೆ ಸೋರಿಕೆ ಪರೀಕ್ಷೆ. ಎರಡೂ ಕೈಬೆರಳುಗಳಿಂದ ಕೋನನ್ನು ಸಮನಾಗಿ, ಮೆಲ್ಲಗೆ ಒಳಕ್ಕೆ ಒತ್ತಿ ಬಿಡಿ. ಅದು ಸಾವಕಾಶವಾಗಿ ಮೇಲೆ ಬಂದರೆ ಬಾಕ್ಸ್ ಬಿಗಿಯಾಗಿದೆ. ತಟ್ಟನೆ ಪುಟಿದರೆ ಎಲ್ಲೋ ಸೋರುತ್ತಿದೆ, ಹೆಚ್ಚಾಗಿ ಟರ್ಮಿನಲ್ ಕಪ್‌ನ ಹಿಂದೆ.

ಇನ್ನು ವೈರಿಂಗ್. ಜನ ಇಲ್ಲಿಯೇ ಹಣ ಉಳಿಸಲು ಹೋಗುತ್ತಾರೆ, ಉಳಿಸಬಾರದ ಜಾಗವೂ ಇದೇ. 300 ವ್ಯಾಟ್ ಆಂಪ್, ದಕ್ಷತೆ ಶೇ. 80 ಎಂದು ಹಿಡಿದರೆ ಎಳೆಯುವುದು 375 ವ್ಯಾಟ್, 13.8 ವೋಲ್ಟ್‌ನಲ್ಲಿ 27 ಆಂಪಿಯರ್. ಬಾನೆಟ್‌ನಿಂದ ಡಿಕ್ಕಿಗೆ 5 ಮೀಟರ್ ವೈರ್ ಬೇಕು. 8 ಗೇಜ್‌ನ ಶುದ್ಧ ತಾಮ್ರದಲ್ಲಿ ಅಷ್ಟು ದೂರಕ್ಕೆ ಸುಮಾರು 0.28 ವೋಲ್ಟ್ ನಷ್ಟ. ಅದೇ 8 ಗೇಜ್ ಎಂದು ಮಾರುವ ಸಿಸಿಎ, ಅಂದರೆ ಅಲ್ಯುಮಿನಿಯಂ ಮೇಲೆ ತಾಮ್ರದ ಲೇಪ ಇರುವ ವೈರಿನಲ್ಲಿ ನಷ್ಟ ಇದರ ಸುಮಾರು ಒಂದೂವರೆ ಪಟ್ಟು. ಕಿಟ್‌ಗಳಲ್ಲಿ ಬಹುಪಾಲು ಬರುವುದು ಇದೇ. ರಬ್ಬರ್ ಕವಚ ದಪ್ಪ, ಒಳಗಿನ ಎಳೆ ತೆಳ್ಳಗೆ. ಒಂದು ಎಳೆಯನ್ನು ಬ್ಲೇಡಿನಿಂದ ಕೆರೆದು ನೋಡಿ, ಒಳಗೆ ಬಿಳಿ ಕಂಡರೆ ಸಿಸಿಎ. ಅಡ್ಡಕೊಯ್ತ 8.4 ಚದರ ಮಿಲಿಮೀಟರ್ ಇರುವ ತಾಮ್ರದ ವೈರನ್ನು ಕೇಳಿ ಕೊಳ್ಳಿ. ಅದು ಸಿಗದೆ ಸಿಸಿಎಯೇ ಗತಿಯಾದರೆ 4 ಗೇಜ್‌ಗೆ ಹೋಗಿ.

ಕೆಲಸಕ್ಕೆ ಕೈಹಾಕುವ ಮೊದಲು ಬ್ಯಾಟರಿಯ ನೆಗೆಟಿವ್ ತೆಗೆಯಬೇಕು, ಜೋಡಿಸುವಾಗ ಅದು ಕೊನೆಗೆ. ಪಾಸಿಟಿವ್ ವೈರಿಗೆ ಬ್ಯಾಟರಿಯಿಂದ 45 ಸೆಂಟಿಮೀಟರ್ ಒಳಗೆ 40 ಆಂಪಿಯರ್ ಫ್ಯೂಸ್. ಫ್ಯೂಸ್ ಇರುವುದು ಆಂಪ್‌ಗಾಗಿ ಅಲ್ಲ, ವೈರಿಗಾಗಿ. ಎಲ್ಲೋ ತಗಡಿಗೆ ತಾಗಿ ಕವಚ ಹರಿದರೆ ಬ್ಯಾಟರಿಯ ಪೂರ್ತಿ ಕರೆಂಟು ಆ ವೈರಿನಲ್ಲೇ ಹರಿದು ಕಾರು ಹೊತ್ತಿಕೊಳ್ಳುತ್ತದೆ. ಆಂಪ್ ಹತ್ತಿರ ಡಿಕ್ಕಿಯಲ್ಲಿ ಫ್ಯೂಸ್ ಹಾಕಿ ಇಷ್ಟು ಸಾಕು ಎನ್ನುವ ಫಿಟ್ಟರ್‌ಗೆ ಕೆಲಸ ಕೊಡಬೇಡಿ.

ಬಾನೆಟ್‌ನಿಂದ ಒಳಗೆ ಬರಲು ಫೈರ್‌ವಾಲ್‌ನಲ್ಲಿ (ಎಂಜಿನ್‌ಗೂ ಕ್ಯಾಬಿನ್ನಿಗೂ ನಡುವಿನ ತಗಡು) ಈಗಾಗಲೇ ಇರುವ ರಬ್ಬರ್ ಗ್ರಾಮೆಟ್ ಹುಡುಕಿ. ಅದರಲ್ಲಿ ಸಣ್ಣ ಸೀಳು ಮಾಡಿ, ಕಟ್ಟುಕಂಬಿಗೆ ವೈರಿನ ತುದಿ ಸುತ್ತಿ ಎಳೆಯಬೇಕು, ಆಮೇಲೆ ಸಿಲಿಕೋನ್ ಹಚ್ಚಿ ಮುಚ್ಚಬೇಕು. ಮುಚ್ಚದಿದ್ದರೆ ಮೊದಲ ಮಳೆಗೇ ಕಾಲಡಿಯ ಕಾರ್ಪೆಟ್ ಒದ್ದೆ. ಎಂಜಿನ್ ಭಾಗದಲ್ಲಿ ವೈರಿಗೆ ಸುಕ್ಕು ಕೊಳವೆ ತೊಡಿಸಿ, ಇಲಿ ಕಾಟಕ್ಕೂ ಬಿಸಿಗೂ ಅದು ರಕ್ಷಣೆ. ಒಳಗೆ ಬಾಗಿಲಿನ ಹೊಸಿಲಿನ ಪ್ಲಾಸ್ಟಿಕ್ ಪಟ್ಟಿ ಎಬ್ಬಿಸಿ ಅದರಡಿ ಹಾಯಿಸಿದರೆ ಹಿಂದಿನ ಸೀಟಿನವರೆಗೆ ವೈರ್ ಕಾಣುವುದೇ ಇಲ್ಲ. ಬ್ಯಾಟರಿ ಯಾವ ಬದಿಗಿದೆಯೋ ಆ ಬದಿಯಲ್ಲೇ ಪವರ್ ವೈರ್, ಸಿಗ್ನಲ್ ವೈರ್ ಎದುರು ಬದಿಯಲ್ಲಿ.

ಅರ್ಥಿಂಗ್‌ಗೆ ಆಂಪ್‌ನಿಂದ 45 ಸೆಂಟಿಮೀಟರ್ ಒಳಗೆ ದಪ್ಪ ತಗಡಿನ ಜಾಗ ಆರಿಸಿ. ಒಂದು ರೂಪಾಯಿ ನಾಣ್ಯದಗಲ ಬಣ್ಣ ಕೆರೆದು ತಗಡು ಹೊಳೆಯುವ ಹಾಗೆ ಮಾಡಿ, ಕ್ರಿಂಪ್ ಮಾಡಿದ ಲಗ್, ಹಲ್ಲಿನ ವಾಷರ್, ಬೋಲ್ಟು ನಟ್ಟು ಬಿಗಿದು, ಮೇಲೆ ತುಕ್ಕು ಹಿಡಿಯದಂತೆ ಬಣ್ಣ ಹಚ್ಚಿ. ಸೀಟ್‌ಬೆಲ್ಟ್‌ನ ಬೋಲ್ಟಿಗೆ ಅರ್ಥ್ ಕೊಡಬಾರದು, ಅದು ಪ್ರಾಣ ಉಳಿಸುವ ಬೋಲ್ಟು, ಅದರ ಬಿಗಿತ ತಪ್ಪಬಾರದು. ಕಣ್ಣುಮುಚ್ಚಿ ಸ್ಕ್ರೂ ಇಳಿಸುವುದಂತೂ ಬೇಡವೇ ಬೇಡ: ಇಂಥ ಕಾರುಗಳಲ್ಲಿ ಹಿಂದಿನ ಸೀಟಿನ ಕೆಳಗೇ ಪೆಟ್ರೋಲ್ ಟ್ಯಾಂಕ್ ಇರುವುದು. ಟ್ರಾಫಿಕ್‌ನಲ್ಲಿ ಎಂಜಿನ್ ತಾನೇ ಆಫ್ ಆಗುವ ಕಾರಾದರೆ ಬ್ಯಾಟರಿಯ ನೆಗೆಟಿವ್ ಕಂಬಕ್ಕೆ ಕರೆಂಟ್ ಸೆನ್ಸರ್ ಇರುತ್ತದೆ. ಆಂಪ್‌ನ ಅರ್ಥನ್ನು ಆ ಕಂಬಕ್ಕೆ ನೇರವಾಗಿ ತಂದರೆ ಸೆನ್ಸರ್ ಲೆಕ್ಕ ತಪ್ಪುತ್ತದೆ, ಬಾಡಿಗೇ ಕೊಡಿ.

ಕಂಪನಿ ಸ್ಟೀರಿಯೋದಲ್ಲಿ ಆರ್‌ಸಿಎ ಔಟ್‌ಪುಟ್, ಅಂದರೆ ಆಂಪ್‌ಗೆ ಸಿಗ್ನಲ್ ಕೊಡುವ ಸಾಕೆಟ್, ಇರಲಿಲ್ಲ. ಆದ್ದರಿಂದ ಸ್ಪೀಕರ್ ವೈರಿನ ಸಿಗ್ನಲನ್ನೇ ತೆಗೆದುಕೊಳ್ಳುವ ಹೈ ಲೆವೆಲ್ ಇನ್‌ಪುಟ್ ಇರುವ ಆಂಪ್ ತೆಗೆದುಕೊಂಡು, ಹಿಂದಿನ ಸ್ಪೀಕರ್‌ಗಳ ವೈರಿನಿಂದ ಸಿಗ್ನಲ್ ಕೊಟ್ಟೆವು. ಸ್ಪೀಕರ್ ವೈರಿನಲ್ಲಿ ಸ್ಟೀರಿಯೋ ಆನ್ ಇರುವಾಗ ಸುಮಾರು 6 ವೋಲ್ಟ್ ಡಿಸಿ ಇರುತ್ತದೆ. ಅದನ್ನು ಗ್ರಹಿಸಿ ಆಂಪ್ ತಾನೇ ಆನ್ ಆಗುತ್ತದೆ, ಆಂಪನ್ನು ಆನ್ ಮಾಡಲು ಬೇರೆ ರಿಮೋಟ್ ವೈರ್ ಬೇಡ. ಈ ಸೌಲಭ್ಯ ಇಲ್ಲದ ಆಂಪ್‌ಗೆ ಸ್ಪೀಕರ್ ಸಿಗ್ನಲನ್ನು ಆರ್‌ಸಿಎಗೆ ಬದಲಿಸುವ ಲೈನ್ ಔಟ್‌ಪುಟ್ ಕನ್ವರ್ಟರ್ ಬೇಕು, ರಿಮೋಟನ್ನು ಕೀ ತಿರುಗಿಸಿದಾಗ ಮಾತ್ರ ಬರುವ ಎಸಿಸಿ ಲೈನಿನಿಂದ ತೆಗೆಯಬೇಕು. ಸದಾ ಕರೆಂಟ್ ಇರುವ ಲೈನಿಗೆ ಕೊಟ್ಟರೆ ಆಂಪ್ ರಾತ್ರಿಯಿಡೀ ಎಚ್ಚರವಿದ್ದು ಬ್ಯಾಟರಿ ಇಳಿಸುತ್ತದೆ. ಕಂಪನಿ ವೈರುಗಳನ್ನು ಕತ್ತರಿಸದೆ ಆ ಮಾದರಿಗೆ ಹೊಂದುವ ಕಪ್ಲರ್ ತಂದು ಜೋಡಿಸಿದರೆ ವಾರಂಟಿಯ ತಕರಾರು ಬರುವ ಸಂದರ್ಭ ಕಡಿಮೆ.

ಬಾಕ್ಸ್ ಮುಖವನ್ನು ಡಿಕ್ಕಿ ಬಾಗಿಲಿನ ಕಡೆಗೆ ತಿರುಗಿಸಿ, ನಡುವೆ ಒಂದು ಗೇಣು ಬಿಟ್ಟರೆ ಹ್ಯಾಚ್‌ಬ್ಯಾಕ್‌ಗಳಲ್ಲಿ ಸಾಮಾನ್ಯವಾಗಿ ಬೇಸ್ ಹೆಚ್ಚು ಸಿಗುತ್ತದೆ. ಆದರೂ ವೈರ್ ಉದ್ದ ಬಿಟ್ಟು ಎರಡೂ ಕಡೆ ತಿರುಗಿಸಿ ಕೇಳಿಯೇ ನಿರ್ಧರಿಸಿ. ಡ್ರೈವರ್ ಸೇರಿ ಬಾಕ್ಸ್ 12–13 ಕಿಲೋ ತೂಗುತ್ತದೆ. ಬಿಗಿಯದೆ ಇಟ್ಟರೆ ಜೋರು ಬ್ರೇಕಿಗೆ ಅದು ಹಿಂದಿನ ಸೀಟಿನ ಬೆನ್ನಿಗೆ ಬಡಿಯುತ್ತದೆ, ಅಲ್ಲಿ ಮಕ್ಕಳು ಕೂತಿರುತ್ತಾರೆ. ಎಲ್ ಕ್ಲ್ಯಾಂಪ್ ಮತ್ತು ರೆಕ್ಕೆ ನಟ್ಟು ಬಳಸಿದರೆ ಕೈಯಲ್ಲೇ ಬಿಚ್ಚಿ ಸ್ಟೆಪ್ನಿ ತೆಗೆಯಬಹುದು. ಆಂಪನ್ನು ಬಾಕ್ಸ್ ಮೇಲೆ ಬಿಗಿಯಬೇಡಿ, ಸದಾ ಕಂಪನಕ್ಕೆ ಒಳಗಿನ ಬೆಸುಗೆ ಸಡಿಲವಾಗುತ್ತದೆ.

ಟ್ಯೂನಿಂಗ್‌ಗೆ ಬೇಕಾದದ್ದು ಒಂದು ಮಲ್ಟಿಮೀಟರ್, 50 ಹರ್ಟ್ಸ್‌ನ 0 ಡಿಬಿ ಟೋನ್ ಇರುವ ಪೆನ್‌ಡ್ರೈವ್. ಈಕ್ವಲೈಜರ್ ಎಲ್ಲ ಸೊನ್ನೆಗೆ, ಆಂಪ್‌ನ ಬೇಸ್ ಬೂಸ್ಟ್ ಸೊನ್ನೆಗೆ, ಗೇನ್ ಪೂರ್ತಿ ಕೆಳಗೆ. ಸಬ್‌ನ ವೈರ್ ತೆಗೆದು ಆಂಪ್‌ನ ಸ್ಪೀಕರ್ ಟರ್ಮಿನಲ್‌ಗೆ ಮೀಟರನ್ನು ಎಸಿ ವೋಲ್ಟ್‌ನಲ್ಲಿ ಹಿಡಿಯಿರಿ. ಎಂಜಿನ್ ಆನ್ ಇರಲಿ, ಸ್ಟೀರಿಯೋ ವಾಲ್ಯೂಮ್ ಮುಕ್ಕಾಲು. ವ್ಯಾಟನ್ನು ಓಮ್‌ನಿಂದ ಗುಣಿಸಿ ವರ್ಗಮೂಲ ತೆಗೆದರೆ ಬೇಕಾದ ವೋಲ್ಟೇಜ್: 300 × 2 = 600, ವರ್ಗಮೂಲ 24.5. ಮೀಟರ್ 24.5 ತೋರಿಸುವವರೆಗೆ ಗೇನ್ ಏರಿಸಿ ನಿಲ್ಲಿಸಿ. ಗೇನ್ ಎನ್ನುವುದು ವಾಲ್ಯೂಮ್ ಅಲ್ಲ. ಇದಕ್ಕಿಂತ ಏರಿಸಿದರೆ ಆಂಪ್‌ನಿಂದ ಬರುವ ಅಲೆಯ ತಲೆ ಕತ್ತರಿಸಿ ಹೋಗುತ್ತದೆ. ಕಾಯಿಲ್ ಸುಟ್ಟ ವಾಸನೆ ಬರುವುದಕ್ಕೆ ಇದೇ ಮುಖ್ಯ ಕಾರಣ.

ಸಬ್‌ಗೆ ಕೆಳಗಿನ ಆವರ್ತನಗಳನ್ನಷ್ಟೇ ಬಿಡುವ ಲೋ ಪಾಸ್ ಫಿಲ್ಟರ್ 80 ಹರ್ಟ್ಸ್‌ಗೆ. 120ಕ್ಕೆ ಬಿಟ್ಟರೆ ಗಂಡು ದನಿಯ ಕೆಳಭಾಗವೂ ಡಿಕ್ಕಿಯಿಂದಲೇ ಬಂದು, ಹಾಡುಗಾರ ಹಿಂದೆ ಕೂತ ಹಾಗೆ ಕೇಳುತ್ತದೆ. ಬಾಗಿಲಿನ ಸ್ಪೀಕರ್‌ಗಳಿಂದ ಆಳದ ಬೇಸ್ ಕಡಿಮೆ ಮಾಡುವುದೂ ಅಷ್ಟೇ ಮುಖ್ಯ. ಸ್ಟೀರಿಯೋದಲ್ಲಿ ಹೈ ಪಾಸ್ (ಮೇಲಿನ ಆವರ್ತನಗಳನ್ನಷ್ಟೇ ಬಿಡುವ ಫಿಲ್ಟರ್) ಇಲ್ಲದಿದ್ದರೆ 4 ಓಮ್ ಸ್ಪೀಕರ್‌ನ ಪಾಸಿಟಿವ್‌ಗೆ 470 ಮೈಕ್ರೊಫ್ಯಾರಡ್ ನಾನ್‌ಪೋಲಾರ್ ಕೆಪಾಸಿಟರ್ ಸೀರೀಸ್‌ನಲ್ಲಿ ಹಾಕಿ, 85 ಹರ್ಟ್ಸ್ ಆಸುಪಾಸಿನಿಂದ ಇಳಿಕೆ ಶುರುವಾಗುತ್ತದೆ. ಬಾಗಿಲಿನ ನಡುಕ ನಿಂತು ದನಿ ತಿಳಿಯಾಗುವುದು ಆಗಲೇ ಗೊತ್ತಾಗುತ್ತದೆ. ಆಮೇಲೆ ಡ್ರೈವರ್ ಸೀಟಿನಲ್ಲಿ ಕೂತು ಸಬ್‌ನ ಪ್ಲಸ್ ಮೈನಸ್ ಅದಲುಬದಲು ಮಾಡಿ ಕೇಳಿ, ಯಾವುದರಲ್ಲಿ ಬೇಸ್ ತುಂಬಿ ಕೇಳುತ್ತದೆಯೋ ಅದು ಸರಿ. ಆಂಪ್‌ನಲ್ಲಿ ಫೇಸ್ ಸ್ವಿಚ್ ಇದ್ದರೆ ವೈರ್ ಬಿಚ್ಚುವ ಕೆಲಸವಿಲ್ಲ. ಪರೀಕ್ಷೆಗೆ ಮೃದಂಗದ ತನಿ ಆವರ್ತನಕ್ಕಿಂತ ಒಳ್ಳೆಯ ಧ್ವನಿಮುದ್ರಣ ನಮಗೆ ಗೊತ್ತಿಲ್ಲ. ಗುಮಕಿ ಏರುತ್ತ ಜಾರುವಾಗ ಅದರ ದನಿ ಬಾಗಿಲಿನಿಂದ ಡಿಕ್ಕಿಗೆ ನೆಗೆಯದೆ ಒಂದೇ ಕಡೆಯಿಂದ ಬಂದರೆ ಕ್ರಾಸ್‌ಓವರ್, ಅಂದರೆ ಸಬ್‌ಗೂ ಬಾಗಿಲಿನ ಸ್ಪೀಕರ್‌ಗೂ ನಡುವಿನ ಆವರ್ತನದ ಗಡಿ, ಸರಿಯಾಗಿ ಕೂತಿದೆ.

ಸಂಗೀತ ನಿಲ್ಲಿಸಿದರೂ ಎಂಜಿನ್ ವೇಗಕ್ಕೆ ತಕ್ಕಂತೆ ‘ಕುಂಯ್’ ಎಂದು ಏರಿಳಿಯುವ ಸದ್ದು ಬಂದರೆ ಅದು ಆಲ್ಟರ್ನೇಟರ್ ಗುಯ್‌ಗುಡಿಕೆ. ಆಂಪ್‌ನಿಂದ ಸಿಗ್ನಲ್ ವೈರ್ ತೆಗೆಯಿರಿ: ಸದ್ದು ನಿಂತರೆ ದೋಷ ಕನ್ವರ್ಟರ್, ಸ್ಟೀರಿಯೋ ಅಥವಾ ಸಿಗ್ನಲ್ ವೈರಿನ ಹಾದಿಯಲ್ಲಿ, ನಿಲ್ಲದಿದ್ದರೆ ಆಂಪ್‌ನ ಅರ್ಥ್‌ನಲ್ಲಿ. ಪ್ರತಿ ಬೇಸ್ ಹೊಡೆತಕ್ಕೂ ಹೆಡ್‌ಲೈಟ್ ಮಂಕಾದರೆ ಎಂಜಿನ್ ಆನ್ ಇಟ್ಟು ಆಂಪ್‌ನ ಟರ್ಮಿನಲ್‌ನಲ್ಲಿ ವೋಲ್ಟೇಜ್ ನೋಡಿ. ಬ್ಯಾಟರಿಯಲ್ಲಿ 14 ಇದ್ದು ಇಲ್ಲಿ 12.5ಕ್ಕೆ ಇಳಿಯುತ್ತಿದ್ದರೆ ವೈರ್, ಲಗ್ ಅಥವಾ ಅರ್ಥ್ ಸೋತಿದೆ. ಕೆಪಾಸಿಟರ್ ಡಬ್ಬಿ ತಂದು ಹಾಕುವುದು ಇದಕ್ಕೆ ಮದ್ದಲ್ಲ.

ಉಳಿದದ್ದು ಗಡಗಡ ಸದ್ದು, ಮತ್ತು ಚಿಕ್ಕ ಕಾರಿನಲ್ಲಿ ಇದು ಖಂಡಿತ ಬರುತ್ತದೆ. ಫೋನಿನಲ್ಲಿ 20ರಿಂದ 120 ಹರ್ಟ್ಸ್‌ವರೆಗಿನ ಸ್ವೀಪ್ ನಿಧಾನವಾಗಿ ಓಡಿಸಿ, ಇನ್ನೊಬ್ಬರು ಹೊರಗಿನಿಂದ ಒಂದೊಂದೇ ಭಾಗ ಒತ್ತಿ ಹಿಡಿಯುತ್ತ ಹೋಗಬೇಕು. ಒತ್ತಿದಾಗ ಸದ್ದು ನಿಂತ ಜಾಗವೇ ಕಳ್ಳ. ಡಿಕ್ಕಿ ಬಾಗಿಲಿನ ಒಳ ಪ್ಲಾಸ್ಟಿಕ್ ಬಿಚ್ಚಿ, ಒಳತಗಡಿಗೆ 2 ಮಿಲಿಮೀಟರ್ ಬ್ಯುಟೈಲ್ ಡ್ಯಾಂಪಿಂಗ್ ಶೀಟ್ ಅಂಟಿಸಿ, ರೋಲರ್‌ನಿಂದ ಉಬ್ಬು ಪೂರ್ತಿ ಚಪ್ಪಟೆಯಾಗುವ ತನಕ ಒತ್ತಿ. ತಗಡನ್ನೆಲ್ಲ ಮುಚ್ಚಬೇಕಿಲ್ಲ, ಕಾಲುಭಾಗ ಮುಚ್ಚಿದರೂ ಸಾಕಷ್ಟು ವ್ಯತ್ಯಾಸ. ನೀರಿಳಿಯುವ ತೂತುಗಳನ್ನು ಮುಚ್ಚಬಾರದು. ಪಾರ್ಸೆಲ್ ಟ್ರೇ ಕೂರುವ ಎರಡೂ ಕಡೆ ಫೆಲ್ಟ್ ಟೇಪ್. ಎಚ್‌ಎಸ್‌ಆರ್‌ಪಿ ನಂಬರ್ ಪ್ಲೇಟಿನ ಲಾಕ್ ಬಿಚ್ಚಲು ಬರುವುದಿಲ್ಲ, ಬಿಚ್ಚಲೂಬಾರದು. ಅದರ ಅಂಚಿನಿಂದ ಫೋಮ್ ಟೇಪಿನ ತುಂಡುಗಳನ್ನು ತೆಳು ಸ್ಕೇಲ್ ಬಳಸಿ ಹಿಂದಕ್ಕೆ ತಳ್ಳಿದರೆ ಹೊರಗಿನ ಗಡಗಡ ನಿಲ್ಲುತ್ತದೆ.

ಒಂದು ತಿಂಗಳು ಓಡಿದ ಮೇಲೆ ಮತ್ತೆ ಬಾನೆಟ್ ತೆಗೆಯಿರಿ. ಅರ್ಧ ಗಂಟೆ ಸಂಗೀತ ಕೇಳಿ, ಎಂಜಿನ್ ಆಫ್ ಮಾಡಿ, ಫ್ಯೂಸ್ ಹೋಲ್ಡರ್ ಮುಟ್ಟಿ ನೋಡಿ: ಸುತ್ತಲಿನ ಭಾಗಗಳಿಗಿಂತ ಅದೇ ಬಿಸಿಯಾಗಿದ್ದರೆ ಒಳಗೆ ವೈರ್ ಹಿಡಿದ ಸ್ಕ್ರೂ ಸಡಿಲವಾಗಿದೆ. ಬ್ಯಾಟರಿಯ ನೆಗೆಟಿವ್ ತೆಗೆದು ಅದನ್ನು ಬಿಗಿಯಿರಿ, ಹಾಗೆಯೇ ಅರ್ಥ್ ಬೋಲ್ಟನ್ನೂ ಡ್ರೈವರ್‌ನ ಸ್ಕ್ರೂಗಳನ್ನೂ. ಹೊಸ ಎಂಡಿಎಫ್ ಕಂಪನಕ್ಕೆ ಸ್ವಲ್ಪ ಕುಗ್ಗುವುದರಿಂದ ಡ್ರೈವರ್ ಸ್ಕ್ರೂಗಳು ಕಾಲು ಸುತ್ತಾದರೂ ತಿರುಗುತ್ತವೆ. ಎದುರುಬದುರು ಕ್ರಮದಲ್ಲಿ, ಒಂದೇ ಸಮನೆ ಬಿಗಿದರೆ ಡ್ರೈವರ್‌ನ ಚೌಕಟ್ಟು ಬಾಗುವುದಿಲ್ಲ.